ಗೊಟ್ಟದ ಗುರುಮಲ್ಲಪ್ಪ

ಗುರುಮಲ್ಲಪ್ಪನಿಗೆ ಹೇಸಿಗೆ ಎಂಬುದು ಅರವತ್ತು ದಾಟಿದ ಮೇಲೆ ಅಂಟಿಕೊಂಡ ಕಾಯಿಲೆ. ಅಲ್ಲಿಯವರೆಗೆ ಈ ಮನುಷ್ಯನಿಗೆ ಮೂಗು ಇರುವುದು ಬರೀ ಕನ್ನಡಕ ನಿಲ್ಲಿಸಲಿಕ್ಕೆ ಎಂದು ಹೆಂಡತಿ ಬಸವಣ್ಣೆಮ್ಮ ಆಡಿಕೊಳ್ಳುತ್ತಿದ್ದಳು. ಪಶು ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಅಟೆಂಡರಾಗಿ ದುಡಿದವನು, ಡಾಕ್ಟರ ಹಿಂದೆ ಚೀಲ ಹೊತ್ತು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಕೊಟ್ಟಿಗೆಗಳನ್ನು ಸುತ್ತಿದವನು. ಕರು ಹಾಕಿ ಮೂರು ದಿನವಾದರೂ ಮಾಸು ಬೀಳದೆ ನಾರುತ್ತಿದ್ದ ಎಮ್ಮೆಯ ಹಿಂದೆ ನಿಂತು ಭುಜದವರೆಗೆ ಕೈ ಹಾಕಿದ್ದಾನೆ. ಕೊಳೆತ ಗಾಯದಿಂದ ಒಂದೊಂದೇ ಹುಳ ಹೆಕ್ಕಿ ತೆಂಗಿನ ಕರಟಕ್ಕೆ ಹಾಕಿದ್ದಾನೆ. ಆಮೇಲೆ ಅದೇ ಕೈಯನ್ನು ಬೂದಿ ಹಚ್ಚಿ ತೊಳೆದುಕೊಂಡು ಅದೇ ಮನೆಯ ಜಗಲಿಯಲ್ಲಿ ಕೂತು ಅವಲಕ್ಕಿ ತಿಂದಿದ್ದಾನೆ. ಸಗಣಿ, ಕೀವು, ನೆತ್ತರು ಯಾವುದೂ ಅವನ ಹೊಟ್ಟೆ ತೊಳಸಿದ್ದಿಲ್ಲ.

ಊರವರು ಅವನಿಗೆ ಇಟ್ಟ ಹೆಸರು ಗೊಟ್ಟದ ಗುರುಮಲ್ಲಪ್ಪ. ಗೊಟ್ಟ ಅಂದರೆ ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆ, ಒಂದು ತುದಿ ಗೆಣ್ಣಿನಿಂದ ಮುಚ್ಚಿರುತ್ತದೆ, ಇನ್ನೊಂದನ್ನು ಓರೆಯಾಗಿ ಕೊಯ್ದು ನುಣ್ಣಗೆ ಉಜ್ಜಿರುತ್ತಾರೆ. ಔಷಧ ಕುಡಿಸುವುದು ನೋಡಲಿಕ್ಕೆ ಸುಲಭ. ಮಾಡಲಿಕ್ಕೆ ಹೋದರೆ ದನದ ಜೀವ ನಮ್ಮ ಎರಡು ಬೆರಳಿನ ನಡುವೆ ಇರುತ್ತದೆ. ದನದ ಮೂತಿಯನ್ನು ಅದರ ಕಣ್ಣಿನ ಮಟ್ಟಕ್ಕಿಂತ ಮೇಲೆ ಎತ್ತಬಾರದು. ಗೊಟ್ಟವನ್ನು ಕಟವಾಯಿಯಿಂದ ತೂರಿಸಿ, ಗುಟುಕು ಗುಟುಕಾಗಿ ಬಿಡಬೇಕು. ಕೆಮ್ಮಿದರೆ ಆ ಕ್ಷಣವೇ ಮುಖ ಬಿಟ್ಟುಬಿಡಬೇಕು. ಎಲ್ಲಕ್ಕಿಂತ ಮೊದಲು, ಏನೇ ಆಗಲಿ, ನಾಲಗೆ ಹಿಡಿದು ಎಳೆಯಬಾರದು. ನಾಲಗೆ ಹಿಡಿದರೆ ದನ ನುಂಗಲಾರದು. ನುಂಗದ ಔಷಧ ಹೊಟ್ಟೆಗೆ ಹೋಗುವುದಿಲ್ಲ, ಎದೆಗೆ ಇಳಿಯುತ್ತದೆ. ಎದೆಗೆ ಎಣ್ಣೆ ಇಳಿದ ದನವನ್ನು ಉಳಿಸುವ ಡಾಕ್ಟರು ಇನ್ನೂ ಹುಟ್ಟಿಲ್ಲ.

ಈ ಪಾಠವನ್ನು ಗುರುಮಲ್ಲಪ್ಪ ಕಲಿತದ್ದು ಒಂದು ಹಸುವನ್ನು ಕೊಂದು. ಕೆಲಸಕ್ಕೆ ಸೇರಿ ಮೂರನೇ ವರ್ಷ, ಕುಪ್ಪಗಡ್ಡೆಯ ಯಮುನಮ್ಮನ ಕೌಲೆ ಎಂಬ ಗಿಡ್ಡ ಹಸುವಿಗೆ ಹೊಟ್ಟೆ ಉಬ್ಬರಿಸಿತ್ತು. ಎಣ್ಣೆ ಕುಡಿಸುವಾಗ ಅದು ತಲೆ ಕೊಡವಿತು ಎಂದು ನಾಲಗೆ ಹಿಡಿದು ಎಳೆದ. ಮಾರನೆಯ ದಿನ ಹಸು ಸತ್ತಿತು. ಮೊನ್ನೆ ಮೊನ್ನೆ ಮದುವೆಯಾಗಿ ಬಂದಿದ್ದ ಯಮುನಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಎಂತ ಆಗಿತ್ತು?" ಎಂದು ಕೇಳಿದ್ದಳು. ಡಾಕ್ಟರು, "ಶೀತ ಎದೆಗೆ ಇಳಿದಿತ್ತಮ್ಮಾ, ನಮ್ಮ ಕೈಲಿ ಏನಿಲ್ಲ" ಎಂದರು. ಜೀಪು ಊರ ಗಡಿ ದಾಟಿದ ಮೇಲೆ ಮುಂದಿನ ಸೀಟಿನಿಂದ ತಿರುಗಿ ನೋಡದೆ, "ಅಲ್ಲಿ ಹೇಳಿದ್ದು ಅವರಿಗೆ. ನಿನಗೆ ಹೇಳೋದು ಬೇರೆ. ನೀನೇ ಕೊಂದದ್ದು" ಎಂದರು. ಅಂದಿನಿಂದ ಅವನ ಕೈ ತಪ್ಪಲಿಲ್ಲ. ವಿಚಿತ್ರವೆಂದರೆ, ಆಮೇಲೆ ಯಮುನಮ್ಮ ಏನೇ ಆದರೂ ಅವನನ್ನೇ ಕರೆಸುತ್ತಿದ್ದಳು. ಅವನು ಹೋಗುತ್ತಿದ್ದ, ಮಾಡುತ್ತಿದ್ದ, ಅವಳು ಕೊಟ್ಟ ಕಾಫಿ ಕುಡಿಯುತ್ತಿದ್ದ. ನಿಜ ಮಾತ್ರ ಹೇಳಿರಲಿಲ್ಲ.

ಇನ್ನು ಹೇಸಿಗೆಯ ವಿಷಯ. ನಿವೃತ್ತಿಯಾಗಿ ಎರಡು ವರ್ಷ ಬಳ್ಳಿಗಾವಿಯ ತನ್ನ ಮನೆಯಲ್ಲಿ ಎರಡು ಹಸು ಕಟ್ಟಿಕೊಂಡು ಹಾಯಾಗಿದ್ದವನನ್ನು ಹುಡುಕಿಕೊಂಡು ಸಂಗಮೇಶ್ ಬಂದ. ಈ ಸಂಗಮೇಶ್ ಶಿರಾಳಕೊಪ್ಪದಲ್ಲಿ ಬಣ್ಣದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಮೊದಲು ಕಂಪ್ಯೂಟರ್ ಕಲಿಸಿದ, ಆಮೇಲೆ ಇಂಗ್ಲಿಷ್ ಮಾತಾಡುವುದನ್ನು ಕಲಿಸಿದ, ಆಮೇಲೆ ಹುಬ್ಬು ತೀಡುವುದನ್ನು ಕಲಿಸಿದ. ಕಲಿಸಿದ ಅಂದರೆ ಬೋರ್ಡು ಬದಲಾಯಿಸಿದ. ಈಗಿನ ಬೋರ್ಡು 'ಪಶು ಆರೋಗ್ಯ ಸಹಾಯಕರ ತರಬೇತಿ ಕೇಂದ್ರ, ಆರೇ ತಿಂಗಳಲ್ಲಿ ಉದ್ಯೋಗ'. ಕೆಳಗೆ ಸ್ಟೆತಾಸ್ಕೋಪ್ ಹಾಕಿಕೊಂಡು ನಗುವ ಹುಡುಗಿಯ ಚಿತ್ರ, ಅವಳ ಪಕ್ಕದಲ್ಲಿ ನಮ್ಮ ಸೀಮೆಯಲ್ಲಿ ಯಾರೂ ಕಂಡಿರದ ಒಂದು ಬಿಳಿ ನಾಯಿ.

"ಸರ್, ನೀವು ಬಂದು ಕುಂತ್ರೆ ಸಾಕ್ರಿ. ಪ್ರಾಕ್ಟಿಕಲ್ ಎಲ್ಲಾ ನಿಮ್ಮದು" ಎಂದ ಸಂಗಮೇಶ್.

ಮೂವತ್ತೈದು ವರ್ಷ 'ಏ ಗುರುಮಲ್ಲಾ, ಕಾಲು ಹಿಡಿ', 'ಏ ಗುರುಮಲ್ಲಾ, ಬಿಸಿನೀರು ತಾ' ಎಂದು ಕರೆಸಿಕೊಂಡವನ ಕಿವಿಗೆ ಆ 'ಸರ್' ಎಂಬ ಮಾತು ಬೆಲ್ಲದ ಹಾಗೆ ಇಳಿಯಿತು. ಮೇಜಿನ ಮೇಲೆ ಹೆಸರಿನ ಫಲಕ ಇಟ್ಟಿದ್ದರು, 'ಗುರುಮಲ್ಲಪ್ಪ, ಪ್ರಾಯೋಗಿಕ ಬೋಧಕರು'. ಅದನ್ನು ಅವನು ಯಾರೂ ಇಲ್ಲದಾಗ ಅಂಗಿಯ ತೋಳಿನಿಂದ ಒರೆಸುತ್ತಿದ್ದ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಂದೆ ಆದದ್ದಕ್ಕೆಲ್ಲ ಆ ಫಲಕವೇ ಮೂಲ.

ಮೊದಲ ದಿನವೇ ಕೇಳಿದ, "ಹಸು ಎಲ್ಲೈತ್ರಿ?"

ಸಂಗಮೇಶ್ ಪರದೆ ಸರಿಸಿ ತೋರಿಸಿದ. ಹಸು ಇತ್ತು. ಫೈಬರಿನದು. ಮುಚ್ಚಿಹೋದ ಐಸ್‌ಕ್ರೀಂ ಅಂಗಡಿಯೊಂದರ ಮುಂದೆ ನಿಂತಿದ್ದದ್ದನ್ನು ಎತ್ತಿಸಿಕೊಂಡು ಬಂದಿದ್ದ. ತುಟಿಗೆ ಗುಲಾಬಿ ಬಣ್ಣ, ಕಣ್ಣಿಗೆ ಸಿನಿಮಾ ನಟಿಯ ರೆಪ್ಪೆ, ಕೊರಳಿಗೊಂದು ಗಂಟೆ. ಮುಖವನ್ನು ಆಕಾಶಕ್ಕೆ ಎತ್ತಿ, ಐಸ್‌ಕ್ರೀಂ ನೆಕ್ಕುವ ಹಾಗೆ ಗೇಣುದ್ದ ಕೆಂಪು ನಾಲಗೆ ಹೊರಗೆ ಚಾಚಿ ನಿಂತಿತ್ತು. ಸಂಗಮೇಶನ ಬುದ್ಧಿವಂತಿಕೆಯನ್ನು ಮೆಚ್ಚಬೇಕು, ಬಾಯಿಯ ಒಳಗೆ ತೂತು ಕೊರೆಸಿ ಪೈಪು ಹಾಕಿಸಿದ್ದ. ಎಷ್ಟು ನೀರು ಸುರಿದರೂ ಹೊಟ್ಟೆಯ ಕೆಳಗಿಟ್ಟ ಬಕೆಟ್ಟಿಗೆ ಬಂದು ಬೀಳುತ್ತಿತ್ತು.

"ಇದು ಕೆಮ್ಮಲ್ಲಲ್ರೀ" ಎಂದ ಗುರುಮಲ್ಲಪ್ಪ.

"ಅದೇ ಅನುಕೂಲ ಅಲ್ರೀ ಸರ್" ಎಂದ ಸಂಗಮೇಶ್.

ಇಪ್ಪತ್ತಮೂರು ಜನ ವಿದ್ಯಾರ್ಥಿಗಳು. ಎಲ್ಲರಿಗೂ ಬಿಳಿ ಕೋಟು, ಎಲ್ಲರ ಕೊರಳಿಗೂ ಗುರುತಿನ ಚೀಟಿ. ಬೆಳಿಗ್ಗೆ ತರಗತಿ ಶುರುವಾಗುವ ಮೊದಲು ಒಬ್ಬರು ಕೋಣೆಗೆಲ್ಲ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆಯುತ್ತಿದ್ದರು. ಕೆಳಗಿನ ಅಂಗಡಿಯ ಬಣ್ಣದ ವಾಸನೆ, ಅದರ ಮೇಲೆ ಮಲ್ಲಿಗೆ, ಅದರ ಮೇಲೆ ಹುಡುಗರು ಮೈಗೆ ಹೊಡೆದುಕೊಂಡು ಬಂದ ಸೆಂಟು. ಆ ಕೋಣೆಯಲ್ಲಿ, ಜೀವಮಾನದಲ್ಲಿ ಮೊದಲ ಸಲ, ಗುರುಮಲ್ಲಪ್ಪನಿಗೆ ವಾಕರಿಕೆ ಬಂತು. ಕಿಟಕಿಯ ಹತ್ತಿರ ಹೋಗಿ ನಿಂತು ಉಗುಳು ನುಂಗಿದ. ಕೆಳಗೆ ರಸ್ತೆಯಲ್ಲಿ ಸಂತೆಗೆ ಹೋಗುವ ಎತ್ತುಗಳು ಸಗಣಿ ಹಾಕುತ್ತಾ ಹೋಗುತ್ತಿದ್ದವು. ಅವನ್ನು ನೋಡಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಹುಡುಗರು ಸಾಲಾಗಿ ಬಂದು ಫೈಬರ್ ಹಸುವಿನ ನಾಲಗೆಯನ್ನು ಹಿಡಿಕೆಯ ಹಾಗೆ ಹಿಡಿದು, ಗೊಟ್ಟದಿಂದ ನೀರು ಸುರಿದು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. "ನಾಲಗಿ ಹಿಡಿಬ್ಯಾಡ್ರೋ" ಎಂದು ಅವನು ಕೂಗುತ್ತಿದ್ದ. ಮುಖ ಅಷ್ಟು ಎತ್ತರದಲ್ಲಿರುವಾಗ ಬೇರೆ ಇನ್ನೇನು ಹಿಡಿಯಬೇಕು? ಅವರ ಮಟ್ಟಿಗೆ ಅದೂ ಸರಿಯೇ. ಅವರಲ್ಲಿ ಎಲ್ಲರಿಗಿಂತ ಚುರುಕಿನವನು ಮಾಲತೇಶ್, ಸೊರಬದ ಕಡೆಯವನು. ಬಾಯಿ ಬಿಟ್ಟರೆ ಅರಳು ಹುರಿದ ಹಾಗೆ ಮಾತು. ಚೀಲಕ್ಕೆ ನಿಂಬೆ ವಾಸನೆಯ ಸ್ಯಾನಿಟೈಸರಿನ ಪುಟ್ಟ ಶೀಶೆ ನೇತುಹಾಕಿಕೊಂಡಿದ್ದ. ಪ್ಲಾಸ್ಟಿಕ್ ಹಸುವನ್ನು ಮುಟ್ಟಿದ ಮೇಲೂ ಕೈಗೆ ಅದನ್ನು ಹಚ್ಚಿಕೊಳ್ಳುತ್ತಿದ್ದ.

ಸಾಕಾಗಿ, ಒಂದು ಭಾನುವಾರ ಎಲ್ಲರನ್ನೂ ಬಳ್ಳಿಗಾವಿಗೆ, ತನ್ನ ಕೊಟ್ಟಿಗೆಗೆ ಕರೆಸಿದ. ಹದಿನಾಲ್ಕು ಜನ ಬಂದರು. ಬಂದವರು ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಲ್ಲೇ ನಿಂತರು. ಹಸು ಬಾಲ ಎತ್ತಿದರೆ ಕಿರುಚಿ ಹಿಂದೆ ಸರಿಯುತ್ತಿದ್ದರು. ಇವರೇನು ಚಂದ್ರಲೋಕದಿಂದ ಇಳಿದವರಲ್ಲ. ಹತ್ತರಲ್ಲಿ ಎಂಟು ಜನರ ಮನೆಯಲ್ಲಿ ಅಮ್ಮ ಬೆಳಗಾಗೆದ್ದು ಸಗಣಿ ಬಾಚಿಯೇ ಇವರನ್ನು ಕಾಲೇಜಿಗೆ ಕಳಿಸಿದ್ದು. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಇವರಿಗೆ ಕೆಸರು ಅಮ್ಮನಿಗಿರಲಿ, ಮೊಸರು ಮಾತ್ರ ತಮಗಿರಲಿ. ಮಾಲತೇಶ್ ಸ್ಟೆತಾಸ್ಕೋಪನ್ನು ಹಸುವಿನ ಭುಜದ ಮೂಳೆಯ ಮೇಲಿಟ್ಟು ಗಂಭೀರವಾಗಿ ತಲೆದೂಗುತ್ತ ವಿಡಿಯೋ ಮಾಡಿಸಿಕೊಂಡ. ಬಸವಣ್ಣೆಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, "ಅಲ್ಲಿ ಏನ್ ಕೇಳಸ್ತೈತಪ್ಪಾ, ಆಕಾಶವಾಣಿನಾ?" ಎಂದಳು.

ಒಬ್ಬಳು ಮಾತ್ರ ಮುಂದೆ ಬಂದಳು, ಚೈತ್ರಶ್ರೀ. ಶಿಕಾರಿಪುರದ ಹತ್ತಿರದ ಹಳ್ಳಿಯ ಹುಡುಗಿ, ಮಾತು ಕಡಿಮೆ. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಸಗಣಿಯಲ್ಲಿ ಕಾಲಿಟ್ಟು ನಿಂತು, ಎಡಗೈಯನ್ನು ಹಸುವಿನ ದವಡೆಯ ಕೆಳಗೆ ಕೊಟ್ಟಳು. ಗುಟುಕು ಗುಟುಕಾಗಿ ಬಿಟ್ಟಳು. ನಡುವೆ ಹಸು ಕೆಮ್ಮಿತು. ಯಾರೂ ಹೇಳುವ ಮೊದಲೇ ಮುಖ ಬಿಟ್ಟಳು. ಗುರುಮಲ್ಲಪ್ಪನಿಗೆ ಕಣ್ಣು ತುಂಬಿ ಬಂತು. ಇಪ್ಪತ್ತಮೂರರಲ್ಲಿ ಒಂದು.

ಆರು ತಿಂಗಳು ಮುಗಿದ ದಿನ ಸಂಗಮೇಶ್ ಇಪ್ಪತ್ತಮೂರು ಹಾಳೆ ತಂದು ಮುಂದಿಟ್ಟ. 'ಔಷಧ ಕುಡಿಸುವುದು: ತೃಪ್ತಿಕರ' ಎಂದು ಮೊದಲೇ ಅಚ್ಚಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಆ ಜಾತಿಯ ಕಾಗದ. ಸಹಿ ಒಂದೇ ಬಾಕಿ.

"ಇವ್ರು ಒಂದ್ ದನಾನೂ ಮುಟ್ಟಿಲ್ಲಲ್ರೀ."

"ಮುಂದೆ ಮುಟ್ತಾರ್ ಬಿಡ್ರಿ ಸರ್. ನೀವೇನ್ ಹೊಟ್ಟೇಲೇ ಕಲ್ತು ಬಂದಿದ್ರಾ?"

ಆ ಮಾತು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ಚುಚ್ಚಿದ್ದು ಸಂಗಮೇಶನಿಗೆ ಗೊತ್ತಿರಲಿಲ್ಲ. ಗುರುಮಲ್ಲಪ್ಪ ಮೇಜಿನ ಮೇಲಿನ ಫಲಕ ನೋಡಿದ, ಹಾಳೆ ನೋಡಿದ. ಇಪ್ಪತ್ತಮೂರಕ್ಕೂ ಸಹಿ ಹಾಕಿದ. ಕೈಗೆ ಎಂಥದೋ ಜಿಡ್ಡು ಅಂಟಿದ ಹಾಗಾಯಿತು. ಮನೆಗೆ ಹೋಗಿ ಮೂರು ಸಲ ತೊಳೆದ. ಬಸವಣ್ಣೆಮ್ಮ, "ಇವತ್ತೇನ್ ಮುಟ್ಟಿ ಬಂದ್ರಿ?" ಎಂದು ಕೇಳಿದಳು. ಏನೂ ಇಲ್ಲ ಎಂದ.

ಹದಿನೈದು ದಿನಕ್ಕೆ ಎರಡನೆಯ ತಂಡದ ಉದ್ಘಾಟನೆ ಬಂತು. ಗುರುಮಲ್ಲಪ್ಪನನ್ನು ವೇದಿಕೆಯ ಮೇಲೆ ಕೂರಿಸಿ, ತಲೆಗೆ ಪೇಟ ತೊಡಿಸಿ, ಹೆಗಲಿಗೆ ಶಾಲು ಹೊದಿಸಿದ್ದರು. ಪೇಟ ಸ್ವಲ್ಪ ಸಡಿಲವಿತ್ತು. ಅದು ಬೀಳದ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದಾಗ ಕಿಸೆಯಲ್ಲಿ ಫೋನು ಬಡಿಯಿತು. ಯಮುನಮ್ಮ.

"ಗುರುಮಲ್ಲಣ್ಣ, ನಮ್ಮ ಹಸು ಬೆಳ್ಳಿ ಹೊಟ್ಟೆ ಉಬ್ಬರಿಸಿಕೊಂಡಿದೆ ಮಾರಾಯ. ಹಗ್ಗ ಬಿಚ್ಚಿಕೊಂಡು ಹೋಗಿ ಹಸಿ ಮೆಕ್ಕೆಜೋಳ ತಿಂದಿದೆ. ಡಾಕ್ಟ್ರು ಲಸಿಕೆ ಹಾಕಕ್ಕೆ ಎಲ್ಲೋ ಹೋಗಿದ್ದಾರಂತೆ. ನೀ ಬಾ."

ಪೇಟ ತೆಗೆದಿಟ್ಟು ಎದ್ದಿದ್ದರೆ ಒಂದೂವರೆ ತಾಸಿಗೆ ಕುಪ್ಪಗಡ್ಡೆ. ಏಳಬೇಕು ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಅತಿಥಿಗಳು ಮೆಟ್ಟಿಲು ಹತ್ತುತ್ತಿದ್ದರು, ಸಂಗಮೇಶ್ ಅವನ ತೋಳು ಹಿಡಿದಿದ್ದ. "ಕಾರ್ಯಕ್ರಮ ಬಿಟ್ಟು ಎಲ್ಲಿಗ್ ಹೋಗ್ತೀರಿ ಸರ್? ಮಾಲತೇಶನ ಊರು ಅಲ್ಲೇ ಐತಿ, ಹತ್ತು ನಿಮಿಷದಾಗೆ ಮುಟ್ತಾನೆ."

"ಚೈತ್ರಶ್ರೀನ ಕಳಸೋಣ್ರಿ. ಆ ಹುಡುಗಿ ಕೈ ಚಲೋ ಐತಿ."

"ಹುಡುಗಿ ಹೋಗಿ ದನ ಹಿಡಿದ್ರೆ ಊರ ಮಂದಿ ನಂಬ್ತಾರೇನ್ರಿ? ಮಾಲತೇಶ್ ಹೋದ್ರೆ ಡಾಕ್ಟ್ರು ಬಂದಂಗೆ ಇರುತ್ತೆ."

ಸರ್ಟಿಫಿಕೇಟು ಪಡೆದ ಚೈತ್ರಶ್ರೀ ಅಷ್ಟು ಹೊತ್ತಿಗೆ ಶಿಕಾರಿಪುರದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಚುತ್ತಿದ್ದಳು. ಗುರುಮಲ್ಲಪ್ಪ ಫೋನಿನಲ್ಲಿ ಯಮುನಮ್ಮನಿಗೆ, "ನನ್ನ ಶಿಷ್ಯ ಬರ್ತಾನೆ ಯಮುನಕ್ಕ, ಹೆದರಬ್ಯಾಡ" ಎಂದ. ಮಾಲತೇಶನಿಗೆ, "ಶೇಂಗಾ ಎಣ್ಣಿ ಕುಡಸು, ನಿಧಾನ. ನಾಲಗಿ ಹಿಡಿಬ್ಯಾಡ" ಎಂದ. "ಓಕೆ ಸರ್, ಓಕೆ ಸರ್" ಎಂದಿತು ಫೋನು. ಆಮೇಲೆ ಭಾಷಣ ನಡೆಯಿತು. ಗುರುಮಲ್ಲಪ್ಪನನ್ನು ಪಶು ಸಂಪತ್ತಿನ ಕಾಮಧೇನು ಎಂದು ಯಾರೋ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು.

ಮಾರನೆಯ ಬೆಳಿಗ್ಗೆ ಯಮುನಮ್ಮನ ಸೊಸೆ ಶಾಲಿನಿ ಫೋನು ಮಾಡಿದಳು. "ನಿನ್ನೆಯಿಂದ ಕೆಮ್ಮೇ ನಿಂತಿಲ್ಲ. ಮೂಗಲ್ಲಿ ಎಣ್ಣೆ ಬರ್ತಾ ಇದೆ. ಈಗ ಮಲಗಿಬಿಟ್ಟಿದೆ."

ಮುಂದಿನದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾಲತೇಶನಿಗೆ ಅಲ್ಲಿಗೇ ಬಾ ಎಂದು ಹೇಳಿ ಬಸ್ಸು ಹತ್ತಿದ. ಬಸ್ಸಿನಲ್ಲಿದ್ದಾಗ ಸಂಗಮೇಶನ ಫೋನು ಬಂತು. ಸುದ್ದಿ ಅವನಿಗೂ ಮುಟ್ಟಿತ್ತು.

"ಸರ್, ನೀವು ಹೋಗ್ತಿರೋದು ಒಳ್ಳೇದಾತ್ರಿ. ನಿಮ್ಮ ಮಾತಂದ್ರೆ ಅವ್ರಿಗೆ ವೇದವಾಕ್ಯ. ರೋಗ ಬಂದು ಸತ್ತಿತು ಅಂತ ಹೇಳಿಬಿಡ್ರಿ. ಎದೆಗೆ ಶೀತ ಆತು ಅಂತನೋ ಏನೋ. ಇಲ್ಲಾಂದ್ರೆ ಸೆಂಟರ್ ಹೆಸರು ಹಾಳಾಗುತ್ತೆ. ನಿಮ್ಮ ಸಹಿನೂ ಐತಲ್ಲ ಸರ್."

ಎದೆಗೆ ಶೀತ. ಮೂವತ್ತೈದು ವರ್ಷದ ಹಿಂದಿನ ಅದೇ ಸುಳ್ಳು. ಬಸ್ಸಿನಲ್ಲಿ ಯಾವ ವಾಸನೆಯೂ ಇರಲಿಲ್ಲ, ಆದರೂ ಗುರುಮಲ್ಲಪ್ಪನ ಹೊಟ್ಟೆ ತೊಳಸಿತು. ಅಷ್ಟು ದಿನ ಆ ಕೋಣೆಯ ಮೇಲೆ, ಆ ಹುಡುಗರ ಮೇಲೆ, ಸಂಗಮೇಶನ ಮೇಲೆ ಎಂದುಕೊಂಡಿದ್ದ ಹೇಸಿಗೆಯ ಬೇರು ತನ್ನೊಳಗೇ ಇದೆ ಎಂದು ಅವನಿಗೆ ಆಗ ಗೊತ್ತಾಯಿತು. ಒಂದು ಸುಳ್ಳಿನ ಮೇಲೆ ಮೂವತ್ತೈದು ವರ್ಷ ಕೂತು ಕಾಫಿ ಕುಡಿದ ಮನುಷ್ಯ ಇನ್ನೊಬ್ಬರ ಸ್ಪ್ರೇಗೆ ಮೂಗು ಮುಚ್ಚಿಕೊಳ್ಳುತ್ತಾನೆ.

ಅವನು ಮುಟ್ಟುವ ಹೊತ್ತಿಗೆ ಬೆಳ್ಳಿ ಸತ್ತಿತ್ತು. ಕೊಟ್ಟಿಗೆಯ ಮುಂದೆ ಕಾಲು ಚಾಚಿ ಬಿದ್ದಿತ್ತು. ಶಾಲಿನಿ ಅದರ ಕರುವನ್ನು ದೂರ ಕಟ್ಟಿ ಬಂದಿದ್ದಳು. ಯಮುನಮ್ಮ ಗೋಡೆಗೆ ಒರಗಿ ಕೂತಿದ್ದಳು, ಅಳುತ್ತಿರಲಿಲ್ಲ. ಮಾಲತೇಶ್ ಬಿಳಿ ಕೋಟು ಹಾಕಿಕೊಂಡೇ ಬೈಕಿನ ಪಕ್ಕ ನಿಂತಿದ್ದ. ಗುರುಮಲ್ಲಪ್ಪನನ್ನು ಕಂಡು ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ, "ನನ್ನ ಟ್ರೀಟ್‌ಮೆಂಟ್ ಕರೆಕ್ಟಾಗೇ ಆಗಿದೆ ಸರ್. ಹೊಟ್ಟೆ ಇಳಿದಿತ್ತು. ಆಮೇಲೆ ನ್ಯುಮೋನಿಯಾ ಅಟ್ಯಾಕ್ ಆಗಿದೆ. ಸಂಗಮೇಶ್ ಸರ್ ಕೂಡ ಅದೇ ಅಂದ್ರು."

"ನಾಲಗಿ ಹಿಡಿದ್ಯಾ?"

"ಗ್ರಿಪ್ ಬೇಕಲ್ಲ ಸರ್. ಕ್ಲಾಸಲ್ಲಿ ಹಂಗೇ ಮಾಡ್ತಿದ್ವಲ್ಲ."

ಹುಡುಗ ಸುಳ್ಳು ಹೇಳಿರಲಿಲ್ಲ. ಕ್ಲಾಸಿನಲ್ಲಿ ಹಾಗೆಯೇ ಮಾಡಿದ್ದರು, ಗುರುಮಲ್ಲಪ್ಪ ಅದಕ್ಕೇ ಸಹಿ ಹಾಕಿದ್ದ. ಬಗ್ಗಿ, ಹಸುವಿನ ಮೂಗಿನ ಹೊಳ್ಳೆಯೊಳಗೆ ಬೆರಳು ಹಾಕಿ ತೆಗೆದು, ಮಾಲತೇಶನ ಮುಂದೆ ಹಿಡಿದ.

"ಮೂಸು."

ಮಾಲತೇಶ್ ಮುಖ ಹಿಂದಕ್ಕೆ ಎಳೆದುಕೊಂಡ. ಕೈ ತಾನಾಗಿ ಕಿಸೆಯ ಕರ್ಚೀಫಿಗೆ ಹೋಯಿತು.

"ಕರ್ಚೀಫು ಬ್ಯಾಡ. ಮೂಸು."

ಹುಡುಗ ಮೂಸಿದ. ಹಸುವಿನ ಸಿಂಬಳ, ನೆತ್ತರು, ಅದರ ಜೊತೆಗೆ ಯಾರ ಮನೆಯ ಒಗ್ಗರಣೆಯಲ್ಲೂ ಬರುವಂಥ ಶೇಂಗಾ ಎಣ್ಣೆಯ ವಾಸನೆ. ಮೂಸಿದವನೇ ಚೀಲದ ಕಡೆ ತಿರುಗಿದ.

ಅಷ್ಟರಲ್ಲಿ ಯಮುನಮ್ಮ ಕೂತಲ್ಲಿಂದಲೇ ಕೇಳಿದಳು, "ಎಂತ ಆಗಿತ್ತು ಗುರುಮಲ್ಲಣ್ಣ?"

ಶಾಲಿನಿಯೂ ನೋಡಿದಳು. ಬೇಲಿಯ ಆಚೆ ಪಕ್ಕದ ಮನೆಯ ಇಬ್ಬರು ನಿಂತಿದ್ದರು. ಹೇಳಬೇಕಾದ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು, ಹಿಂದೆ ಒಂದು ಸಲ ಕೆಲಸಕ್ಕೆ ಬಂದಿದ್ದ ಸುಳ್ಳು. ಹೇಳಿಬಿಟ್ಟರೆ ಫಲಕ ಉಳಿಯುತ್ತದೆ, 'ಸರ್' ಉಳಿಯುತ್ತದೆ, ಈ ಮನೆಯ ಕಾಫಿಯೂ ಉಳಿಯುತ್ತದೆ. ಗುರುಮಲ್ಲಪ್ಪ ಹೋಗಿ ಅವಳ ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ರೋಗ ಅಲ್ಲ ಯಮುನಕ್ಕ. ಎಣ್ಣಿ ಎದಿಗೆ ಇಳದೈತಿ. ಈ ಹುಡುಗ ನಾಲಗಿ ಹಿಡಿದ. ಹಿಡಿಯೋದನ್ನ ಕಲಿಸಿದ್ದು ನಾವು. ಕಲ್ತಿದಾನೆ ಅಂತ ಸಹಿ ಹಾಕಿದ್ದು ನಾನು. ನೀ ನನ್ನ ಕರದಿ, ನಾ ಪೇಟ ಹಾಕ್ಕೊಂಡು ಕುಂತು ಇವನ್ನ ಕಳಿಸಿದೆ."

ಉಳಿದದ್ದು ಇದಕ್ಕಿಂತ ಭಾರ ಇತ್ತು.

"ಇನ್ನೊಂದು ಐತಿ. ನಿನ್ನ ಕೌಲೆ. ಅದಕ್ಕೂ ಶೀತ ಆಗಿರಲಿಲ್ಲ. ಅದು ಸತ್ತಿದ್ದೂ ಹಿಂಗೇ. ನನ್ನ ಕೈಲೆ."

ಯಮುನಮ್ಮ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಬೇಕಿತ್ತು. ಇರಲಿಲ್ಲ. ಇದ್ದದ್ದು ಬೇಸರ, ಮಕ್ಕಳು ಗೊತ್ತಿರುವ ಲೆಕ್ಕಕ್ಕೆ ಇಷ್ಟು ಹೊತ್ತು ತೆಗೆದುಕೊಂಡರೆ ಬರುವಂಥ ಬೇಸರ.

"ಗೊತ್ತಿತ್ತು" ಎಂದಳು. "ಅವತ್ತೇ ಗೊತ್ತಿತ್ತು. ನಾ ಎಂತ ಕುರುಡಿಯ? ಅದರ ಮೂಗು ಒರೆಸಿದ್ದೇ ನಾನು. ಸೆರಗೆಲ್ಲ ಎಣ್ಣೆ ಆಗಿತ್ತು."

"ಮತ್ತೆ ಯಾಕೆ ನನ್ನೇ ಕರೀತಿದ್ದಿ?"

"ಒಂದು ಕೊಂದೋನು ಇನ್ನೊಂದು ಮುಟ್ಟಕ್ಕೆ ಹೆದರ್ತಾನೆ ಅಂತ. ಡಾಕ್ಟ್ರ ಹಿಂದೆ ಜೀಪು ಹತ್ತುವಾಗ ನಿನ್ನ ಕೈ ನಡುಗ್ತಿತ್ತು, ನೋಡಿದ್ದೆ. ಆ ಕೈ ಇನ್ನು ತಪ್ಪಲ್ಲ ಅಂದ್ಕೊಂಡೆ. ತಪ್ಪಲೂ ಇಲ್ಲ. ಇಷ್ಟು ವರ್ಷ ನೀ ಬಾಯಿ ಬಿಡ್ತೀಯ ಅಂತ ಕಾದೆ, ಅದೊಂದು ಆಗಲಿಲ್ಲ." ಅವಳು ಗದ್ದ ಎತ್ತಿ ಬೈಕಿನ ಕಡೆ ತೋರಿಸಿದಳು. "ಈಗ ಇದನ್ನ ಹೇಳು. ಆ ಹುಡುಗನಿಗೆ ಹೆದರಿಕೆ ಆಯ್ತಾ?"

ಗುರುಮಲ್ಲಪ್ಪ ತಿರುಗಿ ನೋಡಿದ. ಮಾಲತೇಶ್ ಶೀಶೆ ತೆಗೆದು, ಅಂಗೈಗೆ ಸುರಿದುಕೊಂಡು, ಬೆರಳ ಸಂದು ಸಂದು ಉಜ್ಜಿಕೊಳ್ಳುತ್ತಿದ್ದ. ಬೆಳ್ಳಿ ಸತ್ತು ಬಿದ್ದ ಅಂಗಳದಲ್ಲಿ ನಿಂಬೆಹಣ್ಣಿನ ಘಮ ಹರಡಿತ್ತು.

"ಇಲ್ಲ ಯಮುನಕ್ಕ" ಎಂದ.

ಯಮುನಮ್ಮ ಮೊಣಕಾಲಿಗೆ ಕೈ ಊರಿ ಎದ್ದಳು. ಕೊಟ್ಟಿಗೆಯ ಮೂಲೆಯಿಂದ ಹಾರೆ ಮತ್ತು ಗುದ್ದಲಿ ತಂದು ಮಾಲತೇಶನ ಕಾಲ ಬುಡದಲ್ಲಿ ಹಾಕಿದಳು. ದನಿ ಏರಿಸಲಿಲ್ಲ. "ತಮ್ಮಾ, ಕೈ ತೊಳೆಯೋದು ಆಮೇಲೆ. ಹಿತ್ತಲಲ್ಲಿ ಹಲಸಿನ ಮರದ ಹತ್ರ ಗುಂಡಿ ತೋಡು. ಎದೆ ಮಟ್ಟ ಆಗಬೇಕು, ಇಲ್ಲಾಂದ್ರೆ ನಾಯಿ ಎಳೀತಾವೆ."

"ನಾನು ಮೆಡಿಕಲ್ ಸ್ಟಾಫ್ ಅಮ್ಮಾ..." ಎಂದು ಶುರು ಮಾಡಿದ ಹುಡುಗ. ಗುರುಮಲ್ಲಪ್ಪ ಅಂಗಿ ಬಿಚ್ಚಿ ಬೇಲಿಯ ಮೇಲೆ ಹಾಕಿ, ಬಗ್ಗಿ ಹಾರೆ ಎತ್ತಿಕೊಂಡ. ಕೌಲೆಯ ಗುಂಡಿ ತೋಡಿದ್ದು ಯಾರೋ, ಅವನಿಗೆ ಗೊತ್ತಿರಲಿಲ್ಲ. ಆವತ್ತು ಅವನು ಜೀಪು ಹತ್ತಿದ್ದ. ಹುಡುಗ ಒಂದು ಗಳಿಗೆ ನಿಂತು ನೋಡಿ, ಕೋಟು ಬಿಚ್ಚಿ ಬೈಕಿನ ಮೇಲೆ ಹಾಕಿ, ಗುದ್ದಲಿ ಹಿಡಿದು ಹಿಂದೆ ಬಂದ.

ಮಣ್ಣು ಜಂಬಿಟ್ಟಿಗೆಯ ಹಾಗೆ ಗಟ್ಟಿ. ಮೊಣಕಾಲು ಮಟ್ಟಕ್ಕೆ ಬರುವಾಗ ಹುಡುಗನ ಅಂಗೈಯಲ್ಲಿ ಗುಳ್ಳೆ ಎದ್ದವು, ಸೊಂಟದ ಮಟ್ಟಕ್ಕೆ ಬರುವ ಹೊತ್ತಿಗೆ ಒಡೆದವು. ಗುರುಮಲ್ಲಪ್ಪ ಅಗೆದ, ಹುಡುಗ ಮಣ್ಣು ಎತ್ತಿ ಹಾಕಿದ. ಗುರುಮಲ್ಲಪ್ಪನ ಪ್ಯಾಂಟಿನ ಕಿಸೆಯಲ್ಲಿ ಸಂಗಮೇಶನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕೈ ಮಣ್ಣಾಗಿತ್ತು, ಎತ್ತಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಕ್ಕದ ಮನೆಯ ಇಬ್ಬರೂ ಸೇರಿ ನಾಲ್ಕು ಜನ ಬೆಳ್ಳಿಯನ್ನು ಹಗ್ಗ ಹಾಕಿ ಎಳೆದು ತಂದು ಇಳಿಸಿದರು. ಇಳಿಸುವಾಗ ತಲೆ ಮಾಲತೇಶನ ತೋಳಿನ ಮೇಲೆ ವಾಲಿತು. ಮೂಗಿನಿಂದ ಒಂದಿಷ್ಟು ನೊರೆ ಅವನ ಅಂಗಿಯ ಮೇಲೆ ಸುರಿಯಿತು. ಅವನು ಕೈ ಬಿಡಲಿಲ್ಲ. ಶಾಲಿನಿ ಉಪ್ಪು ತಂದು ಸುರಿದಳು.

ಗುಂಡಿಯೊಳಗೆ ನಿಂತೇ, ಯಾರಿಗೂ ಕೇಳಿಸಬಾರದು ಎಂಬ ಹಾಗೆ, ಮಾಲತೇಶ್ ಕೇಳಿದ, "ಸರ್, ಬರೀ ನಾಲಗೆ ಹಿಡಿದಿದ್ದಕ್ಕಾ?"

"ಹೂಂ."

ಹುಡುಗ ತನ್ನ ಎಡಗೈ ನೋಡಿಕೊಂಡ. ಅದು ನಡುಗುತ್ತಿತ್ತು. ಮೇಲೆ ನಿಂತಿದ್ದ ಯಮುನಮ್ಮ ಆ ಕೈಯನ್ನು ನೋಡಿದಳು, ಆಮೇಲೆ ಗುರುಮಲ್ಲಪ್ಪನನ್ನು ನೋಡಿದಳು. ಒಂದು ಹಿಡಿ ಮಣ್ಣು ಹಾಕಿದಳು.

ಮುಚ್ಚಿ ಮುಗಿದ ಮೇಲೆ ಬಚ್ಚಲ ತೊಟ್ಟಿಯ ಹತ್ತಿರ ಗುರುಮಲ್ಲಪ್ಪ ಬೂದಿ ಹಚ್ಚಿ ಕೈ ತೊಳೆದುಕೊಂಡ. "ಇನ್ನೂ ಇಪ್ಪತ್ತೆರಡು ಜನ ಅದಾರ ಯಮುನಕ್ಕ, ನಾ ಸಹಿ ಹಾಕಿದೋರು. ಒಂದು ಹುಡುಗಿ ಬಿಟ್ರೆ ಎಲ್ರೂ ಇವನಂಗೇ. ನಾಳೆ ಅವರನ್ನೆಲ್ಲ ಇಲ್ಲಿಗೆ ಕರ್ಕೊಂಡು ಬರ್ತೀನಿ."

"ಹಸು ಮುಗೀತಲ್ಲ ಮಾರಾಯ. ಎಂತ ತೋರಿಸ್ತೀಯ?"

"ಗುಂಡಿ ತೋರಸ್ತೀನಿ" ಎಂದ ಗುರುಮಲ್ಲಪ್ಪ.

ಯಮುನಮ್ಮ ಕಾಫಿಗೆ ನೀರಿಡಲು ಒಳಗೆ ಹೋದಳು.